ಆಲ್ಫಾ ಬ್ಲಾಕರ್ ಮಾತ್ರೆ ಶುರು ಮಾಡೋ ಮುಂಚೆ ಇದನ್ನೊಂದ್ಸಲ ಓದ್ಕೊಳ್ಳಿ

ಡಾಕ್ಟ್ರ ಚೀಟಿಲಿ ಟ್ಯಾಮ್ಸುಲೋಸಿನ್, ಸಿಲೋಡೋಸಿನ್, ಆಲ್ಫುಜೋಸಿನ್, ಪ್ರಾಜೋಸಿನ್ ಈ ಥರ ಹೆಸರಿದ್ಯಾ, ಇವೆಲ್ಲ ಆಲ್ಫಾ ಬ್ಲಾಕರ್ ಅನ್ನೋ ಒಂದೇ ಮನೆಯವು. ಗಂಡಸರಲ್ಲಿ ಮೂತ್ರಕೋಶದ ಕೆಳಗಿರೋ ಗ್ರಂಥಿ, ಅಂದ್ರೆ ಪ್ರಾಸ್ಟೇಟ್‌ಗೆ ಅಂತ ಕೊಟ್ಟ ಮಾತ್ರೆ ಬಗ್ಗೆ ನೆಟ್ಟಲ್ಲಿ ನೋಡಿದ್ರೆ ಬಿಪಿ ಮಾತ್ರೆ ಅಂತ ಬರತ್ತೆ, ಜನ ಗಾಬರಿ ಆಗ್ತಾರೆ. ಆದ್ರೆ ಎರಡೂ ನಿಜಾನೇ.

ನರಗಳಿಂದ ನಾರ್‌ಅಡ್ರಿನಲಿನ್ ಅನ್ನೋ ಕೆಮಿಕಲ್ ಬರತ್ತಲ್ಲ, ಅದು ಆಲ್ಫಾ-1 ರಿಸೆಪ್ಟರ್ (ಜೀವಕೋಶದಲ್ಲಿ ಕೆಮಿಕಲ್ ಬಂದು ಕೂರೋ ಜಾಗ) ಮೇಲೆ ಕೂತ್ರೆ ಅಲ್ಲಿನ ಸ್ನಾಯು ಬಿಗಿ ಆಗತ್ತೆ. ಮಾತ್ರೆ ಏನ್ಮಾಡತ್ತೆ ಅಂದ್ರೆ ಆ ಜಾಗ ತಾನೇ ಹಿಡ್ಕೊಂಡ್ಬಿಡತ್ತೆ, ಸ್ನಾಯು ಸಡಿಲ ಆಗತ್ತೆ, ಅಷ್ಟೇ. ಈ ರಿಸೆಪ್ಟರ್ ರಕ್ತನಾಳದ ಗೋಡೇಲೂ ಇದೆ, ಪ್ರಾಸ್ಟೇಟಲ್ಲೂ ಮೂತ್ರಕೋಶದ ಬಾಯಲ್ಲೂ ಇದೆ, ಅದಕ್ಕೇ ಒಂದ್ಕಡೆ ಬಿಪಿ ಇಳಿಯತ್ತೆ, ಇನ್ನೊಂದ್ಕಡೆ ಮೂತ್ರ ಸಲೀಸಾಗಿ ಹೋಗತ್ತೆ. ಟ್ಯಾಮ್ಸುಲೋಸಿನ್, ಸಿಲೋಡೋಸಿನ್ ಹೆಚ್ಚಾಗಿ ಪ್ರಾಸ್ಟೇಟ್ ಕಡೆಯ ರಿಸೆಪ್ಟರನ್ನೇ ಹಿಡಿಯೋದ್ರಿಂದ ಬಿಪಿ ಮೇಲೆ ಪರಿಣಾಮ ಕಡಿಮೆ.

ಬರೀ ಬಿಪಿಗೆ ಅಂತ ಈಗ ಇವನ್ನ ಮೊದಲು ಕೊಡಲ್ಲ, ಆಲ್‌ಹ್ಯಾಟ್ ಅನ್ನೋ ದೊಡ್ಡ ಸ್ಟಡಿಲಿ ಇದೇ ಮನೆಯ ಡಾಕ್ಸಜೋಸಿನ್ ತಗೊಂಡವರಲ್ಲಿ ಹಾರ್ಟ್ ಫೇಲ್ಯೂರ್ ಜಾಸ್ತಿ ಕಂಡು 2000ದಲ್ಲಿ ಸ್ಟಡಿಯ ಆ ಭಾಗಾನೇ ನಿಲ್ಲಿಸಿದ್ರು. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರೋ ನಾಳದ ಕೆಳಭಾಗದಲ್ಲಿ ಸಿಕ್ಕೊಂಡಿರೋ ಕಲ್ಲು ಜಾರ್ಲಿ ಅಂತಾನೂ ಕೊಡ್ತಾರೆ. ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯ ಫಿಯೋಕ್ರೋಮೋಸೈಟೋಮಾ ಅನ್ನೋ ಗೆಡ್ಡೆಗೂ ಬಳಸ್ತಾರೆ, ಅಲ್ಲಿ ಆಲ್ಫಾ ಬ್ಲಾಕರ್ ಮೊದಲು, ಬೇಕಿದ್ರೆ ಹಾರ್ಟ್ ಬಡಿತ ಇಳಿಸೋ ಬೀಟಾ ಬ್ಲಾಕರ್ ಆಮೇಲೆ.

ಈಗ ತಗೊಳ್ಳೋ ವಿಷಯ. ಮೊದಲ ಡೋಸಲ್ಲೇ ಹುಷಾರಾಗಿರ್ಬೇಕು, ಪ್ರಾಜೋಸಿನ್, ಟೆರಾಜೋಸಿನ್ ಥರದವು ಮೊದಲ ಸಲ ಬಿಪಿನ ದಡಕ್ಕಂತ ಇಳಿಸಿ ತಲೆ ಸುತ್ತಿಸ್ಬಹುದು, ಅದಕ್ಕೇ ಕಡಿಮೆ ಡೋಸಿಂದ ಶುರು ಮಾಡಿ ರಾತ್ರಿ ಮಲಗೋವಾಗ ತಗೊಳ್ಳೋಕೆ ಹೇಳ್ತಾರೆ. ಮಧ್ಯರಾತ್ರಿ ಬಾತ್‌ರೂಮಿಗೆ ಹೋಗ್ಬೇಕಾದ್ರೆ ಮೊದಲು ಮಂಚದ ಮೇಲೆ ಕಾಲಿಳಿಬಿಟ್ಟು ಸ್ವಲ್ಪ ಹೊತ್ತು ಕೂತು ಆಮೇಲೆ ಎದ್ದೇಳಿ, ಗಂಡಸರು ಕೂತೇ ಮೂತ್ರ ಮಾಡಿ, ಮರ್ಯಾದೆ ಏನೂ ಹೋಗಲ್ಲ. ಟ್ಯಾಮ್ಸುಲೋಸಿನ್ ಸಾಮಾನ್ಯವಾಗಿ 0.4 ಮಿ.ಗ್ರಾಂ, ದಿನಕ್ಕೊಂದು, ದಿನಾ ಅದೇ ಹೊತ್ತಿನ ಊಟ ಆಗಿ ಅರ್ಧ ಗಂಟೆ ಬಿಟ್ಟು, ಕ್ಯಾಪ್ಸೂಲ್ ಬಿಚ್ಚಬಾರ್ದು, ಅಗಿಯಬಾರ್ದು. ಕೆಲವು ದಿನ ತಪ್ಪಿಹೋದ್ರೆ ನೀವೇ ಹಳೇ ಡೋಸಿಂದ ಶುರು ಮಾಡ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ, ಮತ್ತೆ ಕಡಿಮೆಯಿಂದ ಹತ್ತಬೇಕಾಗ್ಬಹುದು.

ಕೆಲವು ದಿನದಿಂದ ಒಂದೆರಡು ವಾರದೊಳಗೆ ಫರಕು ಗೊತ್ತಾಗತ್ತೆ. ಆದ್ರೆ ಪ್ರಾಸ್ಟೇಟ್ ಇದ್ರಿಂದ ಚಿಕ್ಕದಾಗಲ್ಲ, ಚಿಕ್ಕದಾಗೋಕೆ ಫಿನಾಸ್ಟರೈಡ್ ಥರದ ಬೇರೆ ಮಾತ್ರೆ ಇದೆ, ಅದು ತಿಂಗಳುಗಟ್ಟಲೆ ಹಿಡಿಯತ್ತೆ.

ಮೂಗು ಕಟ್ಟೋದು, ಸುಸ್ತು ಇವೆಲ್ಲ ಇರ್ಬಹುದು. ಸಿಲೋಡೋಸಿನ್‌ನಲ್ಲಿ ವೀರ್ಯ ಹೊರಗೆ ಬರ್ದೇ ಮೂತ್ರಕೋಶಕ್ಕೇ ಹೋಗೋದು ಸಾಮಾನ್ಯ, ಅಪಾಯ ಇಲ್ಲ, ಆದ್ರೆ ಮೊದ್ಲೇ ಯಾರೂ ಹೇಳಿರಲ್ಲ ಅಂತ ಗಂಡಸರು ಹೆದರ್ತಾರೆ. ಕಣ್ಣಿನ ಪೊರೆ ಆಪರೇಷನ್ ಇದ್ರೆ ಕಣ್ಣಿನ ಡಾಕ್ಟ್ರಿಗೆ ಹೇಳ್ಲೇಬೇಕು, ಹಿಂದೆ ಯಾವಾಗ್ಲೋ ತಗೊಂಡು ಬಿಟ್ಟಿದ್ರೂ ಸರಿ, ಐರಿಸ್ (ಕಣ್ಣಿನ ಬಣ್ಣದ ಭಾಗ) ಸಡಿಲ ಆಗಿ ಆಪರೇಷನ್ ಮಧ್ಯೆ ತೊಂದರೆ ಕೊಡತ್ತೆ. ಗಂಡಸರ ನಿಮಿರುವಿಕೆಗೆ ಅಂತ ಕೊಡೋ ಸಿಲ್ಡೆನಾಫಿಲ್, ಟಡಾಲಾಫಿಲ್ ಜೊತೆ ಸೇರಿದ್ರೆ ಬಿಪಿ ಇನ್ನೂ ಕುಸಿಯತ್ತೆ, ಕೇಳ್ದೆ ತಗೊಳ್ಬೇಡಿ. ನೆಗಡಿಗೆ ಅಂತ ಸ್ಯೂಡೋಎಫೆಡ್ರಿನ್ ಇರೋ ಮಾತ್ರೆನೂ ಬೇಡ, ಅದು ಇದಕ್ಕೆ ಪೂರ್ತಿ ಉಲ್ಟಾ ಕೆಲಸ ಮಾಡಿ ಮೂತ್ರಕೋಶದ ಬಾಯಿನ ಬಿಗಿ ಮಾಡತ್ತೆ, ಮೂತ್ರ ಪೂರ್ತಿ ಕಟ್ಕೊಂಡ್ಬಿಟ್ರೆ ಕಾಯ್ದೆ ಆಸ್ಪತ್ರೆಗೆ ಹೋಗಿ.