482 ವೀಸಾದಲ್ಲಿ ಕೆಲಸ ಬಿಡುವಾಗ ದಿನ ಎಣಿಸುವುದು ಹೇಗೆ?

482 ಎಂಬುದು ಮಾಲೀಕರ ಸ್ಪಾನ್ಸರ್‌ಶಿಪ್ (ಪ್ರಾಯೋಜಕತ್ವ) ಮೇಲೆ ಸಿಗುವ ಆಸ್ಟ್ರೇಲಿಯಾದ ತಾತ್ಕಾಲಿಕ ಕೆಲಸದ ವೀಸಾ. ಇದರ ಮೇಲೆ ಬಂದ ನಮ್ಮವರು ವೀಸಾ ಕೈಸೇರುವ ತನಕ ಇಟ್ಟುಕೊಳ್ಳುವ ಎಚ್ಚರವನ್ನು ಕೈಸೇರಿದ ಮೇಲೆ ಇಟ್ಟುಕೊಳ್ಳುವುದಿಲ್ಲ. ಕಾಗದಪತ್ರ ಹಿಡಿದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಕೆಲಸ ಹೋಗಿ ಒಂದೆರಡು ತಿಂಗಳಾದ ಮೇಲೆ ಬರುತ್ತಾರೆ, ಅಷ್ಟರಲ್ಲಿ ಒಂದಾದರೂ ಗಡುವು ಮೀರಿರುತ್ತದೆ. ಆದ್ದರಿಂದ ಇಲ್ಲಿ ಅರ್ಜಿಯ ಭಾಗವನ್ನು ಬೇಗ ಮುಗಿಸಿ, ಕೆಲಸ ಬಿಡುವ ಹಂತವನ್ನು ಬಿಡಿಸಿ ಹೇಳುತ್ತೇನೆ.

ಮೊದಲ ಹೆಜ್ಜೆ, ಯಾವುದು ಯಾರ ಜವಾಬ್ದಾರಿ ಎಂದು ತಿಳಿಯುವುದು. 2024ರ ಡಿಸೆಂಬರ್ 7ರಿಂದ 482 ವೀಸಾಕ್ಕೆ ಸ್ಕಿಲ್ಸ್ ಇನ್ ಡಿಮ್ಯಾಂಡ್ ಎಂಬ ಹೆಸರು ಬಂದಿದೆ. ಇದಕ್ಕೆ ಮೂರು ಒಪ್ಪಿಗೆ ಬೇಕು: ಸಂಸ್ಥೆಗೆ ಸ್ಪಾನ್ಸರ್ ಮಾನ್ಯತೆ, ನಿಮ್ಮ ಹುದ್ದೆಗೆ ನಾಮಿನೇಷನ್ (ಈ ಹುದ್ದೆಗೆ ನಿಮ್ಮನ್ನು ತೆಗೆದುಕೊಳ್ಳುತ್ತೇವೆ ಎಂದು ಸಂಸ್ಥೆ ಸರ್ಕಾರಕ್ಕೆ ಹಾಕುವ ಅರ್ಜಿ), ನಿಮಗೆ ವೀಸಾ. ಮೊದಲೆರಡರ ಖರ್ಚು ಮಾಲೀಕರದು. ತರಬೇತಿ ನಿಧಿಗೆ ಕಟ್ಟುವ ಲೆವಿಯನ್ನೂ ಅವರೇ ಭರಿಸಬೇಕು. ವಾರ್ಷಿಕ ವಹಿವಾಟು ಒಂದು ಕೋಟಿ ಡಾಲರ್‌ಗಿಂತ ಕಡಿಮೆ ಇರುವ ಸಂಸ್ಥೆಗೆ ಇದು ವರ್ಷಕ್ಕೆ 1,200 ಡಾಲರ್, ಅದಕ್ಕಿಂತ ದೊಡ್ಡ ಸಂಸ್ಥೆಗೆ 1,800 ಡಾಲರ್. ಇವುಗಳಲ್ಲಿ ಒಂದು ಡಾಲರನ್ನೂ ನಿಮ್ಮಿಂದ ವಸೂಲು ಮಾಡುವಂತಿಲ್ಲ. ಸ್ಪಾನ್ಸರ್‌ಶಿಪ್‌ಗೆ ಪ್ರತಿಯಾಗಿ ಹಣ ಕೇಳುವುದು 2015ರ ಡಿಸೆಂಬರ್‌ನಿಂದ ಅಪರಾಧ. ಹಣ ಕೊಡುವವರ ಮೇಲೂ ಕ್ರಮ ಜರುಗಬಹುದು, ವೀಸಾ ರದ್ದಾಗಲೂಬಹುದು. ಸ್ಪಾನ್ಸರ್ ಸಮೇತ ಪ್ಯಾಕೇಜ್ ಎಂದು ಮಾರುವ ಏಜೆಂಟರ ಹತ್ತಿರ ಸುಳಿಯಬೇಡಿ. ಆಸ್ಟ್ರೇಲಿಯಾದಲ್ಲಿ ವೀಸಾ ಸಲಹೆ ಕೊಡುವ ಏಜೆಂಟರಿಗೆ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕೇಳಿ, ಸರ್ಕಾರಿ ಪಟ್ಟಿಯಲ್ಲಿ ಹುಡುಕಿ, ಹೆಸರು ಸಿಕ್ಕರೆ ಮಾತ್ರ ಮಾತು ಮುಂದುವರಿಸಿ.

ಎರಡನೆಯದು, ಕೆಲಸಕ್ಕೆ ಸೇರಿದ ದಿನದಿಂದಲೇ ದಾಖಲೆ ಕೂಡಿಡುವುದು. ಈ ವೀಸಾದ ಕೋರ್ ಸ್ಕಿಲ್ಸ್ ಎಂಬ ವಿಭಾಗದಲ್ಲಿ 2025ರ ಜುಲೈ 1ರ ನಂತರ ಸಲ್ಲಿಸಿದ ನಾಮಿನೇಷನ್‌ಗೆ ಕನಿಷ್ಠ ವಾರ್ಷಿಕ ಸಂಬಳ 76,515 ಡಾಲರ್ ಎಂದು ನಿಗದಿಯಾಯಿತು. ಈ ಮೊತ್ತ ವರ್ಷವರ್ಷವೂ ಪರಿಷ್ಕರಣೆಯಾಗುತ್ತದೆ. ಅದರ ಜೊತೆಗೆ, ಅದೇ ಜಾಗದಲ್ಲಿ ಅದೇ ಕೆಲಸ ಮಾಡುವ ಆಸ್ಟ್ರೇಲಿಯಾದವರಿಗಿಂತ ನಿಮಗೆ ಕಡಿಮೆ ಕೊಡುವಂತಿಲ್ಲ. ಶೇ 12ರಷ್ಟು ಸೂಪರ್ (ಮಾಲೀಕರು ನಿಮ್ಮ ಹೆಸರಿನಲ್ಲಿ ಕಟ್ಟುವ ನಿವೃತ್ತಿ ನಿಧಿ) ಈ ಕನಿಷ್ಠ ಮೊತ್ತದ ಲೆಕ್ಕಕ್ಕೆ ಸೇರುವುದಿಲ್ಲ. ಸಂಬಳವಾದ ಒಂದು ಕೆಲಸದ ದಿನದೊಳಗೆ ಪೇ ಸ್ಲಿಪ್ ಬರಬೇಕು.

ಒಬ್ಬ ಯುವಕ ಪ್ಲಾಸ್ಟಿಕ್ ಕವರಿನಲ್ಲಿ ಒಂದೂವರೆ ವರ್ಷದ ಪೇ ಸ್ಲಿಪ್ ತಂದಿದ್ದರು. ಪ್ರತಿಯೊಂದೂ ಸರಿಯಾಗಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು ನೋಡಿದಾಗ, ಸಂಬಳ ಜಮೆಯಾದ ದಿನವೇ ಎಟಿಎಂನಿಂದ 400 ಡಾಲರ್ ತೆಗೆದದ್ದು ಸಾಲುಸಾಲಾಗಿ ಕಾಣಿಸಿತು. ಆ ಹಣವನ್ನು ಅವರು ಮಾಲೀಕರ ಕೈಗೆ ಮರಳಿಸುತ್ತಿದ್ದರು. ಇದು ಕಾನೂನುಬಾಹಿರ. ಪೇ ಸ್ಲಿಪ್ ಮಾತ್ರ ಇಟ್ಟುಕೊಂಡಿದ್ದರೆ ಈ ಸಂಗತಿ ಎಲ್ಲಿಯೂ ಕಾಣುತ್ತಿರಲಿಲ್ಲ. ಹಾಗಾಗಿ ಸ್ಟೇಟ್‌ಮೆಂಟ್, ಡ್ಯೂಟಿ ರೋಸ್ಟರಿನ ಫೋಟೊ, ಮಾಲೀಕರ ಸಂದೇಶಗಳು ಮೂರನ್ನೂ ಇಡಿ. ಆಫೀಸಿನ ಇಮೇಲ್‌ನಲ್ಲಿ ಬೇಡ, ನಿಮ್ಮ ಸ್ವಂತ ಇಮೇಲ್‌ನಲ್ಲಿಡಿ. ಕೆಲಸ ಹೋದ ಸಂಜೆಯೇ ಆಫೀಸಿನ ಇಮೇಲ್ ಬಂದ್ ಆಗುತ್ತದೆ. ದುಡಿದ ತಾಸುಗಳನ್ನು ಬರೆಯಲು ಆ್ಯಪ್‌ಗಳಿದ್ದರೂ ನಾನು ಶಿಫಾರಸು ಮಾಡುವುದು ದಿನಾಂಕವಿರುವ ಡೈರಿಯನ್ನೇ. ಫೋನ್ ಕಳೆದಾಗ ಎಲ್ಲವನ್ನೂ ಕಳೆದುಕೊಂಡವರನ್ನು ಕಂಡಿದ್ದೇನೆ. ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಬೇಡಿ. ಅದು ಭಾರತ ಸರ್ಕಾರದ ಸ್ವತ್ತು, ಮಾಲೀಕರಿಗೆ ಅದನ್ನು ಇಟ್ಟುಕೊಳ್ಳುವ ಹಕ್ಕಿಲ್ಲ.

ಮೂರನೆಯದೇ ಜನ ಎಡವುವ ಜಾಗ. ಕೆಲಸ ಬದಲಿಸುವುದು ನಿಮ್ಮ ಇಚ್ಛೆಯಾಗಿದ್ದರೆ ಸುರಕ್ಷಿತ ದಾರಿ ಒಂದೇ: ಹೊಸ ಸಂಸ್ಥೆಯ ನಾಮಿನೇಷನ್‌ಗೆ ಒಪ್ಪಿಗೆ ಬರುವವರೆಗೆ ಹಳೆಯ ಕೆಲಸ ಬಿಡಬೇಡಿ. ಆಫರ್ ಲೆಟರ್ ಎಂದರೆ ಒಪ್ಪಿಗೆಯಲ್ಲ, ಅರ್ಜಿ ಹಾಕಿದ ರಸೀದಿಯೂ ಒಪ್ಪಿಗೆಯಲ್ಲ. ಹಳೆಯ ಕೆಲಸದಲ್ಲಿರುವಾಗ ವಾರಾಂತ್ಯಕ್ಕೆ ಬೇರೆ ಕಡೆ ದುಡಿಯುವುದೂ ಸ್ಪಾನ್ಸರ್ ಮಾಡಿದವರ ಬಳಿಯೇ ದುಡಿಯಬೇಕೆಂಬ, ವೀಸಾದ 8607ನೇ ಷರತ್ತಿನ ಉಲ್ಲಂಘನೆ.

ಕೆಲಸ ತಾನಾಗಿ ಹೋದರೆ ಅಂದಿನಿಂದ ಎರಡು ಗಡುವುಗಳ ಎಣಿಕೆ ಒಟ್ಟಿಗೆ ಶುರುವಾಗುತ್ತದೆ. ಎಲ್ಲರಿಗೂ ಗೊತ್ತಿರುವುದು 180 ದಿನದ್ದು. ಮೊದಲು 60 ದಿನವಿದ್ದ ಇದನ್ನು 2024ರ ಜುಲೈ 1ರಂದು ಹೆಚ್ಚಿಸಿದರು. ಈ ಅವಧಿಯಲ್ಲಿ ಹೊಸ ಸ್ಪಾನ್ಸರ್ ಹುಡುಕಬೇಕು, ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ಕೆಲಸದ ಕೊನೆಯ ದಿನ ಮಾರ್ಚ್ 3 ಎಂದುಕೊಳ್ಳಿ. ಮರುದಿನದಿಂದ ಎಣಿಸಿದರೆ 180ನೆಯ ದಿನ ಆಗಸ್ಟ್ 30. ಒಬ್ಬರು ಇದನ್ನು ಆರು ತಿಂಗಳೆಂದು ಭಾವಿಸಿ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 3ಕ್ಕೆ ಕೆಂಪು ಗುರುತು ಹಾಕಿದ್ದರು. ಆ ನಾಲ್ಕು ದಿನಗಳೇ ಸಾಕು ಷರತ್ತು ಮುರಿಯಲು. ಹೊಸ ನಾಮಿನೇಷನ್ ಅರ್ಜಿಯನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ, ಒಪ್ಪಿಗೆ ಬರಲೂ ಸಮಯ ಬೇಕು. ವೀಸಾದ ಪೂರ್ತಿ ಅವಧಿಗೆ ಇಂಥ ದಿನಗಳ ಒಟ್ಟು ಮಿತಿ 365. ಮೊದಲ ಸಲ 150 ದಿನ, ಎರಡನೆಯ ಸಲ 180 ದಿನ ಬಳಸಿದವರಿಗೆ ಮೂರನೆಯ ಸಲಕ್ಕೆ ಉಳಿಯುವುದು ಬರೀ 35 ದಿನ. ವೀಸಾವೇ ಅದಕ್ಕೆ ಮೊದಲು ಮುಗಿದರೆ ಅಲ್ಲಿಗೆ ಲೆಕ್ಕ ಮುಗಿಯಿತು. ಈ ಬಿಡುವಿನಲ್ಲಿ ಬೇರೆ ಯಾವ ಮಾಲೀಕರ ಬಳಿಯಾದರೂ, ಬೇರೆ ಹುದ್ದೆಯಲ್ಲಾದರೂ ದುಡಿಯಬಹುದು, ಆದರೆ ಅದರಿಂದ ದಿನಗಳ ಎಣಿಕೆ ನಿಲ್ಲುವುದಿಲ್ಲ. ಕೆಲಸ ನಿಂತದ್ದನ್ನು ಹಳೆಯ ಮಾಲೀಕರು 28 ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ಅವರು ತಡಮಾಡಿದರೂ ನಿಮಗೆ ಹೆಚ್ಚುವರಿ ದಿನ ಸಿಗುವುದಿಲ್ಲ.

ಎರಡನೆಯ ಗಡುವು 21 ದಿನದ್ದು, ಹೆಚ್ಚಿನವರು ಕಳೆದುಕೊಳ್ಳುವುದು ಇದನ್ನೇ. ಅನ್ಯಾಯವಾಗಿ ಕೆಲಸದಿಂದ ತೆಗೆದಿದ್ದಾರೆ ಎಂದು ಕೆಲಸದ ವಿವಾದಗಳನ್ನು ತೀರ್ಮಾನಿಸುವ ಫೇರ್ ವರ್ಕ್ ಕಮಿಷನ್‌ಗೆ ದೂರು ಕೊಡಲು ಇರುವ ಅವಧಿ ಇಷ್ಟೇ. ಈ ದೂರು ಕೊಡಲು ಆ ಸಂಸ್ಥೆಯಲ್ಲಿ ಸಾಮಾನ್ಯವಾಗಿ ಆರು ತಿಂಗಳು, ಹದಿನೈದಕ್ಕಿಂತ ಕಡಿಮೆ ನೌಕರರಿರುವ ಕಡೆ ಒಂದು ವರ್ಷ ದುಡಿದಿರಬೇಕು. ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ ಎಂಬ ಪತ್ರವನ್ನು ಮೇಜಿನ ಮೇಲಿಟ್ಟು, ಸಹಿ ಹಾಕಿದರೆ ವೀಸಾಕ್ಕೆ ಒಳ್ಳೆಯದು ಎಂದು ಹೇಳುವವರಿದ್ದಾರೆ. ಆ ಮಾತು ಸುಳ್ಳು. ನೀವೇ ಬಿಟ್ಟರೂ ಅವರೇ ತೆಗೆದರೂ 180 ದಿನದ ಎಣಿಕೆ ಒಂದೇ, ಸಹಿಯಿಂದ ದುರ್ಬಲವಾಗುವುದು ನಿಮ್ಮ ದೂರು ಮಾತ್ರ. ಓದಿ ನಾಳೆ ಹೇಳುತ್ತೇನೆ ಎಂದು ಪತ್ರವನ್ನು ಮನೆಗೆ ತನ್ನಿ, ಕೊಡದಿದ್ದರೆ ಸಹಿ ಹಾಕದೆ ಎದ್ದು ಬನ್ನಿ.

ಬಾಕಿ ಸಂಬಳದ ದೂರು ಬೇರೆ. ಅದನ್ನು ಸಂಬಳದ ನಿಯಮ ಪಾಲನೆಯನ್ನು ನೋಡಿಕೊಳ್ಳುವ ಫೇರ್ ವರ್ಕ್ ಒಂಬುಡ್ಸ್‌ಮನ್ ಎಂಬ ಸರ್ಕಾರಿ ಕಚೇರಿಗೆ ಉಚಿತವಾಗಿ ಕೊಡಬಹುದು, ಕೋರ್ಟಿನಲ್ಲಿ ಆರು ವರ್ಷ ಹಿಂದಿನವರೆಗೂ ಕೇಳಬಹುದು. ಫೋನ್ ಸಂಖ್ಯೆ 13 13 94. ಇಂಗ್ಲಿಷ್ ಕಷ್ಟವಾದವರು 131 450ಕ್ಕೆ ಕರೆ ಮಾಡಿ ದುಭಾಷಿಯನ್ನು ಕೇಳಬಹುದು. ವೀಸಾ ರದ್ದು ಮಾಡಿಸುತ್ತೇನೆ ಎಂದು ಮಾಲೀಕರು ಹೆದರಿಸಿದರೆ ನಂಬಬೇಡಿ. ವೀಸಾ ರದ್ದು ಮಾಡುವ ಅಧಿಕಾರ ಸರ್ಕಾರಕ್ಕೆ ಮಾತ್ರ ಇದೆ, ವಲಸೆ ಸ್ಥಿತಿಯನ್ನು ಮುಂದಿಟ್ಟು ನೌಕರರನ್ನು ಬಲವಂತಪಡಿಸುವುದು 2024ರ ಜುಲೈ 1ರಿಂದ ಅಪರಾಧವೂ ಹೌದು.

ಊರಿಗೆ ಮರಳುವುದೆಂದು ತೀರ್ಮಾನಿಸಿದರೆ, ವೀಸಾ ಚಾಲ್ತಿಯಲ್ಲಿರುವಾಗಲೇ ಸ್ಪಾನ್ಸರ್‌ಗೆ ಲಿಖಿತವಾಗಿ ಕೇಳಿ. ನಿಮ್ಮ ಮತ್ತು ಅದೇ ವೀಸಾದಲ್ಲಿರುವ ಕುಟುಂಬದವರ ಪ್ರಯಾಣದ ಸಮಂಜಸ ವೆಚ್ಚವನ್ನು ಅವರು 30 ದಿನಗಳೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬೆಲೆಯಿಲ್ಲ, ಒಂದು ಇಮೇಲ್ ಸಾಕು. ದೇಶ ಬಿಟ್ಟು ವೀಸಾ ಮುಗಿದ ಮೇಲೆ ಸೂಪರ್ ಹಣವನ್ನೂ ವಾಪಸು ಕೇಳಬಹುದು, ಸಾಮಾನ್ಯವಾಗಿ ಅದರಲ್ಲಿ ಶೇ 35 ತೆರಿಗೆ ಮುರಿದುಕೊಳ್ಳುತ್ತಾರೆ. ಆ ಅರ್ಜಿಗೆ ಫಂಡ್‌ನ ಹೆಸರು ಮತ್ತು ಸದಸ್ಯತ್ವ ಸಂಖ್ಯೆ ಬೇಕಾಗುವುದರಿಂದ, ಎರಡನ್ನೂ ಹೊರಡುವ ಮೊದಲೇ ಡೈರಿಯಲ್ಲಿ ಬರೆದುಕೊಳ್ಳಿ.