ಇಲಿ ಹೊಕ್ಕ ಕಂಪ್ಯೂಟರಿಗೆ ಸ್ವಿಚ್ ಹಾಕುವ ಮುನ್ನ

ಮಳೆ ಜೋರಾಗಿ ರಾಜಕಾಲುವೆ ತುಂಬಿದಾಗ ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಇಲಿಗಳು ಮನೆಯೊಳಗೆ ದಾರಿ ಹುಡುಕುತ್ತವೆ. ಮೇಜಿನ ಕೆಳಗಿರುವ ಸಿಪಿಯು ಡಬ್ಬಿ ಅವಕ್ಕೆ ಒಳ್ಳೆಯ ಜಾಗ. ಒಳಗೆ ಕತ್ತಲೆ, ಬೆಚ್ಚಗೆ ಬೇರೆ. ಹಿಂದುಗಡೆ ಕಾರ್ಡ್ ಕೂರಿಸುವ ಕಡೆ ತಗಡು ಬಿದ್ದುಹೋಗಿದ್ದರೆ ಬಾಗಿಲೇ ತೆರೆದಂತೆ. ಜಿರಲೆ, ಇರುವೆ, ಹಲ್ಲಿಮರಿಗಳಿಗೆ ಅದೂ ಬೇಡ, ಗಾಳಿಯ ಕಿಂಡಿ ಸಾಕು.

ಹೀಗೆ ಕೆಟ್ಟ ಕಂಪ್ಯೂಟರ್ ಎಷ್ಟೋ ಸಲ ಉಳಿಯುತ್ತದೆ. ಇಲಿ ಕಡಿದದ್ದಕ್ಕಿಂತ ಜಾಸ್ತಿ ಹಾನಿ ಆಗುವುದು, ‘ಆನ್ ಆಗುತ್ತಾ ನೋಡೋಣ’ ಅಂತ ನಾವು ಬಟನ್ ಒತ್ತಿದಾಗ. ಇಲಿ ಮೂತ್ರದಲ್ಲಿ ಉಪ್ಪಿನ ಅಂಶ ಇರುತ್ತದೆ. ಹಸಿ ಇದ್ದಾಗ ಅದರ ಮೂಲಕ ಕರೆಂಟ್ ಹರಿಯುತ್ತದೆ. ಸಿಪ್ಪೆ ಹೋದ ಎರಡು ವೈರ್ ಒಂದಕ್ಕೊಂದು ತಾಗಿರಲೂಬಹುದು. ಆದ್ದರಿಂದ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆಯಿರಿ. ಬ್ಯಾಟರಿಗೆ ಹಲ್ಲಿನ ಗುರುತು ಬಿದ್ದಿದ್ದರೆ ಅಥವಾ ಅದು ಉಬ್ಬಿದ್ದರೆ ಮತ್ತೆ ಚಾರ್ಜ್ ಮಾಡಲೇಬೇಡಿ, ಬೆಂಕಿ ಹತ್ತಬಹುದು.

ಕೈ ಹಾಕುವ ಮೊದಲು

ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಇಲಿ ಮೂತ್ರದಿಂದ ಇಲಿ ಜ್ವರ ಬರುತ್ತದೆ, ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಜಿರಲೆಯ ಕಸ ಉಬ್ಬಸ ಇರುವವರಿಗೆ ಆಗುವುದಿಲ್ಲ. ಡಬ್ಬಿಯನ್ನು ಬಾಲ್ಕನಿಗೆ ಒಯ್ಯಿರಿ. ಬ್ಲೋವರ್ ಹಿಡಿಯಬೇಡಿ, ಒಣ ಹಿಕ್ಕೆ ಪುಡಿಯಾಗಿ ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ, ತಗಡಿನ ಮೇಲಿನ ಕಸವನ್ನು ನೆನೆಸಿ, ಐದು ನಿಮಿಷ ಬಿಟ್ಟು ಕಾಗದದಲ್ಲಿ ಬಾಚಿ ತೆಗೆಯಿರಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಇದು ತಗಡಿಗೆ ಮಾತ್ರ. ಬೋರ್ಡಿಗೆ, ಅಂದರೆ ಚಿಪ್‌ಗಳು ಕೂತಿರುವ ಹಲಗೆಗೆ, ಬ್ಲೀಚ್ ತಾಗಬಾರದು.

ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಪವರ್ ಬಟನ್ನಿನಿಂದ ಬರುವ ಸಣ್ಣ ವೈರ್‌ಗಳು ಯಾವ ಪಿನ್ನಿಗೆ ಕೂತಿದ್ದವು ಅನ್ನುವುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಮೊದಲು ಹಾರ್ಡ್ ಡಿಸ್ಕ್

ಬೋರ್ಡ್ ಇನ್ನೊಂದು ಸಿಗುತ್ತದೆ, ಮಗುವಿನ ನಾಮಕರಣದ ಫೋಟೊ ಸಿಗುವುದಿಲ್ಲ. ಹಾರ್ಡ್ ಡಿಸ್ಕ್ ಹೊರತೆಗೆದು, ಅದರ ಹಸಿರು ಬೋರ್ಡನ್ನು ಐಪಿಎಯಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಶೇ 99ರದ್ದೇ ಇರಲಿ. ಸ್ಯಾನಿಟೈಸರ್‌ನಲ್ಲಿ ನೀರಿರುತ್ತದೆ, ಅದು ಬೇಡ. ಡಿಸ್ಕಿನ ಮೈಮೇಲೆ ಒಂದು ಪುಟ್ಟ ಉಸಿರಾಟದ ರಂಧ್ರ ಇರುತ್ತದೆ. ಅದರೊಳಗೆ ಹನಿಯೂ ಇಳಿಯದಂತೆ ನೋಡಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿ, ಬೇಕಾದದ್ದನ್ನೆಲ್ಲ ಕಾಪಿ ಮಾಡಿ. ‘ಟಕ್ ಟಕ್’ ಸದ್ದು ಬಂದರೆ ತಕ್ಷಣ ನಿಲ್ಲಿಸಿ, ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಬೋರ್ಡ್ ತೊಳೆಯುವುದು

ತಾಳ್ಮೆ ಬೇಕಾಗುವುದು ಇಲ್ಲೇ. ನಾಣ್ಯದಂಥ 3 ವೋಲ್ಟ್ ಸೆಲ್ ತೆಗೆಯಿರಿ, ಇಲ್ಲದಿದ್ದರೆ ಪ್ಲಗ್ ಕಿತ್ತ ಮೇಲೂ ಒದ್ದೆ ಜಾಗದಲ್ಲಿ ಕರೆಂಟ್ ಸುಳಿದಾಡುತ್ತಲೇ ಇರುತ್ತದೆ, ಕಿಲುಬು ಬೆಳೆಯುತ್ತಲೇ ಇರುತ್ತದೆ. ತಾಮ್ರದ ಗೆರೆಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದೇ ಕಿಲುಬು. ಬೋರ್ಡನ್ನು ಓರೆಯಾಗಿ ಹಿಡಿದು, ಐಪಿಎ ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಅಂಚಿನ ಕಡೆಗೆ ಉಜ್ಜಿ. ಕೊಳೆ ಕೆಳಗೆ ಇಳಿದುಹೋಗಬೇಕು, ಸುಮ್ನೆ ಹರಡಬಾರದು. ರ್‍ಯಾಮ್ ಕೂರಿಸುವ ಸಂದುಗಳಲ್ಲಿ ಜಿರಲೆಯ ಕಪ್ಪು ಚುಕ್ಕೆ ಅಂಟಿರುತ್ತದೆ, ಅಲ್ಲಿ ಎರಡು ಮೂರು ಸಲ ತೊಳೆಯಿರಿ. ಪ್ರೊಸೆಸರ್ ಸಾಕೆಟ್ಟಿನ ಪಿನ್‌ಗಳಿಗೆ ಮಾತ್ರ ಬ್ರಷ್ ಮುಟ್ಟಿಸಬೇಡಿ, ಬಾಗಿದರೆ ಮುಗಿಯಿತು. ಐಪಿಎ ಬೇಗ ಹೊತ್ತಿಕೊಳ್ಳುವ ವಸ್ತು, ಹತ್ತಿರ ದೀಪ, ಊದುಬತ್ತಿ ಇರಬಾರದು.

ಒಂದು ರಾತ್ರಿ ಫ್ಯಾನ್ ಕೆಳಗೆ ಒಣಗಲಿ. ಮಳೆಗಾಲದಲ್ಲಿ ಇನ್ನೊಂದು ದಿನ ಬಿಡಿ. ತಾಮ್ರದ ಗೆರೆ ತುಂಡಾಗಿದ್ದರೆ ಚಿಪ್ ಲೆವೆಲ್ ಸರ್ವಿಸ್ ಮಾಡುವವರು, ಅಂದರೆ ಬೋರ್ಡನ್ನೇ ರಿಪೇರಿ ಮಾಡುವವರು, ತುಂಡಾದ ಕಡೆ ಸಣ್ಣ ಜಂಪರ್ ವೈರ್ ಹಾಕಿಕೊಡುತ್ತಾರೆ. ದೊಡ್ಡ ಚಿಪ್‌ಗಳ ಅಡಿಗೆ ಮೂತ್ರ ಇಳಿದಿದ್ದರೆ ಉಳಿಯುವುದು ಕಷ್ಟ.

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ, ಬಿಚ್ಚಬೇಡಿ. ನಮ್ಮ 230 ವೋಲ್ಟ್ ಕರೆಂಟ್ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಒಳಗೆ ಹಲ್ಲಿ ಸತ್ತಿದ್ದರೆ, ಸುಟ್ಟ ವಾಸನೆ ಬಂದರೆ, ವೈರ್ ಕಡಿದಿದ್ದರೆ ಹೊಸದೇ ಹಾಕಿ. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಇಲಿಯ ಮುಂಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಅದು ವೈರ್ ಕಡಿಯುವುದು. ಹಾರ್ಡ್ ಡಿಸ್ಕನ್ನು ಬೋರ್ಡಿಗೆ ಸೇರಿಸುವ ಸಾಟಾ ಕೇಬಲ್ ತುಂಡಾಗಿದ್ದರೆ ಜೋಡಿಸಬೇಡಿ, ಹಳೆಯದನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಒಯ್ದು ತೋರಿಸಿ ಅಂಥದ್ದೇ ತನ್ನಿ. ಪವರ್ ಬಟನ್ನಿನ ಸಣ್ಣ ವೈರ್‌ಗಳನ್ನು ಸೋಲ್ಡರ್ ಮಾಡಿ, ಬಿಸಿಗೆ ಕುಗ್ಗಿ ಅಂಟಿಕೊಳ್ಳುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿದರೆ ಸಾಕು.

ಈಗ ಸ್ವಿಚ್ ಹಾಕಬಹುದು

ಡಬ್ಬಿಯೊಳಗೆ ಕೂರಿಸದೆ, ಮರದ ಮೇಜಿನ ಮೇಲೆ ಬೋರ್ಡ್ ಇಡಿ. ಸೆಲ್ ವಾಪಸ್ ಹಾಕಿ. ಪ್ರೊಸೆಸರ್‌ಗೆ ಬಿಸಿ ಸಾಗಿಸುವ ಹೊಸ ಥರ್ಮಲ್ ಪೇಸ್ಟ್ ಹಚ್ಚಿ ಫ್ಯಾನ್ ಕೂರಿಸಿ. ಒಂದೇ ರ್‍ಯಾಮ್, ಎಸ್‌ಎಂಪಿಎಸ್, ಮಾನಿಟರ್ ಸಾಕು. ಪರದೆ ಬಂದರೆ ಉಳಿದವನ್ನು ಒಂದೊಂದಾಗಿ ಸೇರಿಸಿ, ಪ್ರತಿ ಸಲ ಆಫ್ ಮಾಡಿ, ಪ್ಲಗ್ ಕಿತ್ತು. ಕೊನೆಗೆ ಸೇರಿಸಿದ್ದರಿಂದ ನಿಂತರೆ ಕಳ್ಳ ಸಿಕ್ಕಂತೆ ಅಲ್ವಾ?

ಮತ್ತೆ ಡಬ್ಬಿಗೆ ಹಾಕುವಾಗ ಹಿಂದಿನ ತೆರೆದ ಜಾಗಕ್ಕೆ ತಗಡು ಹಾಕಿ. ಡಬ್ಬಿಯನ್ನು ನೆಲದಿಂದ ಮೇಲಿಡಿ. ಒಳಗೆ ಜಿರಲೆ ಸ್ಪ್ರೇ ಹೊಡೆಯಬೇಡಿ, ಅದರ ಗ್ಯಾಸಿಗೆ ಬೆಂಕಿ ಹತ್ತಬಹುದು. ಹೊರಗೆ ಗೋಡೆ ಸಂದಿನಲ್ಲಿ ಜಿರಲೆ ಕೊಲ್ಲುವ ಜೆಲ್ ಇಟ್ಟರೆ ಸಾಕು. ಆಯುಧ ಪೂಜೆಗೆ ಮೇಲೆ ಒರೆಸಿ ಕುಂಕುಮ ಇಡುವವರು ಅವತ್ತು ಪಕ್ಕದ ತಗಡನ್ನೂ ಬಿಚ್ಚಿ ಒಳಗೆ ನೋಡಿ.

ಉಳಿಯದ ಬೋರ್ಡು, ಎಸ್‌ಎಂಪಿಎಸ್, ಬ್ಯಾಟರಿಯನ್ನು ಕಸದ ಆಟೊಗೆ ಹಾಕಬೇಡಿ, ಗುಜರಿಯವರಿಗೂ ಬೇಡ. ವೈರ್ ಸುಟ್ಟು ತಾಮ್ರ ತೆಗೆಯುವ ಹೊಗೆ ತುಂಬಾ ಕೆಟ್ಟದ್ದು. ದಾಬಸ್‌ಪೇಟೆಯ ಇ-ಪರಿಸರದಂಥ ಪರವಾನಗಿ ಇರುವ ಇ-ತ್ಯಾಜ್ಯ ಘಟಕಗಳಿಗೆ ಸೇರುವಂತೆ ಮಾಡಿ.