ದಾಳ ಉರುಳಿಸುವ ಮೊದಲೇ ಚಂದಾ ಕಟ್ಟಬೇಡಿ

ಗೆಳೆಯರು ಮೇಜಿನ ಸುತ್ತ ಕೂತು, ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದು 1974ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಡಬ್ಬಿಯಲ್ಲಿದ್ದದ್ದು ಮೂರು ಪುಟ್ಟ ಪುಸ್ತಕ. ಈಗ ಆಡಲು ಕೂರುವವರ ಮೊದಲ ಪ್ರಶ್ನೆಯೇ ಬೇರೆ: ಯಾವ ಆ್ಯಪ್‌ಗೆ ದುಡ್ಡು ಕಟ್ಟಬೇಕು? ಆರಂಭದಲ್ಲಿ ಯಾವುದಕ್ಕೂ ಬೇಡ.

ಮೊದಲು ನಿಯಮಗಳನ್ನು ಇಳಿಸಿಕೊಳ್ಳಿ. ಈ ಆಟದ ಮೂಲ ನಿಯಮಗಳ ಒಂದು ಕಡತ 2023ರ ಜನವರಿಯಿಂದ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತ. ಆಟದ ಒಡೆಯ ಕಂಪನಿ ಹ್ಯಾಸ್ಬ್ರೊ ಅದನ್ನು ಔದಾರ್ಯದಿಂದ ಕೊಟ್ಟದ್ದಲ್ಲ. ಅದೇ ತಿಂಗಳು, ಈ ನಿಯಮಗಳನ್ನು ಬಳಸಿ ಬರೆಯುವವರಿಗೆ ಹೊಸ, ಬಿಗಿ ಪರವಾನಗಿಯ ಕರಡು ಸೋರಿಕೆಯಾಗಿ, ಸಿಟ್ಟಾದ ಆಟಗಾರರು ಆಟದ ಅಧಿಕೃತ ತಾಣ ಡಿ ಅಂಡ್ ಡಿ ಬಿಯಾಂಡ್‌ನ ಚಂದಾ ರದ್ದು ಮಾಡತೊಡಗಿದ್ದರು. ಹಿಂದಿನ ವರ್ಷವಷ್ಟೇ ಹ್ಯಾಸ್ಬ್ರೊ ಸುಮಾರು 14.6 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ತಾಣ ಅದು. ಚಂದಾದಾರ ಕೈಬಿಟ್ಟರೆ ಎಲ್ಲಿ ನೋಯುತ್ತದೆಂದು ಕಂಪನಿಗೆ ಆಗ ತಿಳಿಯಿತು.

ಆಮೇಲೆ ಪಾತ್ರ. ಅದೇ ತಾಣದ ಉಚಿತ ಖಾತೆಯಲ್ಲಿ ಆರು ಪಾತ್ರಗಳವರೆಗೆ ಮಾಡಬಹುದು. ಹೊಸಬರಿಗೆ ಇಷ್ಟು ಧಾರಾಳ. ಪಾತ್ರ ಒಂದೊಂದು ಲೆವೆಲ್ ಏರಿದಾಗಲೂ ಅದರ ಪಿಡಿಎಫ್ ತೆಗೆದಿಟ್ಟುಕೊಳ್ಳಿ.

ಮೂರನೆಯದು ನಕ್ಷೆ, ಅದೂ ಗೆಳೆಯರು ಬೇರೆ ಬೇರೆ ಊರಲ್ಲಿದ್ದರೆ ಮಾತ್ರ. ಆನ್‌ಲೈನ್‌ನಲ್ಲಿ ಒಂದೇ ನಕ್ಷೆಯ ಸುತ್ತ ಆಡಿಸುವ ತಾಣಗಳಾದ ಔಲ್‌ಬೇರ್ ರೋಡಿಯೊ, ರೋಲ್20 ಎರಡರಲ್ಲೂ ಉಚಿತ ಖಾತೆ ಸಾಕಾಗುತ್ತದೆ. ಇದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಫೌಂಡ್ರಿಗೆ ತಿಂಗಳ ಬಾಡಿಗೆಯಿಲ್ಲ. ಆಟ ನಡೆಸುವವರೊಬ್ಬರು ಒಮ್ಮೆ 50 ಡಾಲರ್ ಕೊಟ್ಟರೆ ಉಳಿದವರು ಪುಕ್ಕಟೆ ಸೇರಬಹುದು. ಆದರೆ ಸಾಮಾನ್ಯವಾಗಿ ಸರ್ವರ್ ನೀವೇ ನಡೆಸಬೇಕು. ಮನೆಯ ರೂಟರ್‌ನಲ್ಲಿ ಪೋರ್ಟ್ ತೆರೆಯುವುದು ಎಂದರೆ ಎದೆ ಧಸಕ್ಕೆನ್ನುವವರು ಅತ್ತ ಸುಳಿಯದಿರುವುದೇ ಲೇಸು.

ಇಷ್ಟಾದ ಮೇಲೂ ಆಟ ಮುಂದುವರಿದಿದ್ದರೆ ಚಂದಾ ಯೋಚಿಸಿ. ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ಚಂದಾ ಕಟ್ಟಿದರೆ ಪುಸ್ತಕಗಳೂ ಬರುತ್ತವೆಂಬ ನಂಬಿಕೆ. ಬರುವುದಿಲ್ಲ, ಪುಸ್ತಕದ ದುಡ್ಡು ಬೇರೆ. ಇನ್ನೊಂದು, ಗುಂಪಿನ ಎಲ್ಲರೂ ಕಟ್ಟುವುದು. ಬಿಯಾಂಡ್‌ನ ಮಾಸ್ಟರ್ ಚಂದಾ ಹಲವು ವರ್ಷ ತಿಂಗಳಿಗೆ 5.99 ಡಾಲರ್ ಇತ್ತು. ಅದರ ನಿಜವಾದ ಲಾಭ ಹಂಚಿಕೆ: ಒಬ್ಬರ ಚಂದಾದಲ್ಲಿ, ಕೊಂಡ ಪುಸ್ತಕಗಳು ಇಡೀ ಮೇಜಿಗೆ ತೆರೆದುಕೊಳ್ಳುತ್ತವೆ. ಹಾಗಾಗಿ ಆಟ ನಡೆಸುವ ಡಂಜನ್ ಮಾಸ್ಟರ್ ಒಬ್ಬರೇ ಕಟ್ಟಲಿ, ಉಳಿದವರು ಪಾಲು ಹಾಕಲಿ.

ನೆಚ್ಚಿನ ನಿಯಮಗಳಿರುವ ಪುಸ್ತಕವನ್ನು ಕಾಗದದಲ್ಲೇ ಕೊಳ್ಳಿ. 2024ರ ಆಗಸ್ಟ್‌ನಲ್ಲಿ ಬಿಯಾಂಡ್, ಪಾತ್ರಗಳ ಹಾಳೆಯಲ್ಲಿದ್ದ ಹಳೆಯ ಮಂತ್ರಗಳ ಜಾಗಕ್ಕೆ ಹೊಸ ಆವೃತ್ತಿಯವನ್ನು ಹಾಕುತ್ತೇವೆಂದಿತು. ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಕಪಾಟಿನ ಪುಸ್ತಕಕ್ಕೆ ಅಂಥ ಅಪ್‌ಡೇಟ್ ಬರುವುದಿಲ್ಲ.

ಚಂದಾ ಶುರು ಮಾಡುವಾಗ ತಿಂಗಳ ಯೋಜನೆಯನ್ನೇ ಆರಿಸಿ. ವರ್ಷದ್ದು ಅಗ್ಗವೆನ್ನಿಸಿದರೂ, ಪರೀಕ್ಷೆ, ಮದುವೆ, ನೈಟ್ ಶಿಫ್ಟ್ ಎಂದು ಆಟ ನಿಂತ ತಿಂಗಳುಗಳ ಬಾಡಿಗೆಯೂ ಅದರಲ್ಲೇ ಸೇರಿರುತ್ತದೆ.